ನೈಟ್ರಸ್ ಉತ್ತರದ ಕೊನೆಯ ಐದು ಸಾಲು

ಕಳೆದ ವರ್ಷ ಆಷಾಢದ ಎರಡನೇ ಗುರುವಾರ ನಮ್ಮ ಪತ್ರಿಕೆಯ ಆರನೇ ಪುಟದ ವಾಹನ ಪ್ರಶ್ನೋತ್ತರದಲ್ಲಿ ಇಪ್ಪತ್ತಾರು ಸಾಲಿನ ಒಂದು ಉತ್ತರ ಅಚ್ಚಾಯಿತು. ಬರೆದಾಗ ಅದು ಮೂವತ್ತೊಂದು ಸಾಲಿನದು. ಕೊನೆಯ ಐದು ಸಾಲು ತೆಗೆದವನು ನಾನು.

ಪ್ರಶ್ನೆ ಹೀಗಿತ್ತು: ಕಾರಿನ ಇಂಜಿನ್ನಿಗೆ ನೈಟ್ರಸ್ ಆಕ್ಸೈಡ್ ಕೊಡುವುದು ಫೋರ್ಸ್ಡ್ ಇಂಡಕ್ಷನ್ ಎನಿಸಿಕೊಳ್ಳುತ್ತದೆಯೇ, ಇಲ್ಲವೇ? ಇಂಜಿನ್ ತಾನಾಗಿ ಎಳೆದುಕೊಳ್ಳುವಷ್ಟು ಗಾಳಿಗೇ ಬಿಡದೆ, ಟರ್ಬೊದಂಥ ಒಂದು ಪಂಪು ಇಟ್ಟು ಹೆಚ್ಚಿನ ಗಾಳಿಯನ್ನು ಒಳಗೆ ಒತ್ತಿ ತುಂಬುವುದಕ್ಕೆ ಆ ಹೆಸರು. ನೈಟ್ರಸ್ ಬರುವುದು ಬಾಟಲಿಯಲ್ಲಿ. ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಬಳಸುವ ಅನಿಲವೇ ಅದು. ಓಟದ ಕಾರುಗಳವರು ಅದನ್ನು ಇಂಜಿನ್ನಿಗೆ ಚಿಮುಕಿಸಿ ಕೆಲವು ಸೆಕೆಂಡು ಹೆಚ್ಚಿನ ಬಲ ಪಡೆಯುತ್ತಾರೆ.

ಓದುಗರೊಬ್ಬರ ಪ್ರಶ್ನೆ ಎಂದು ಮೇಲೆ ಹಾಕಿದ್ದೆವು. ಅದು ಪೂರ್ತಿ ಸುಳ್ಳಲ್ಲ. ಕೇಳಿದವರು ಕಮರಿಪೇಟೆಯ ಒಂದು ಗ್ಯಾರೇಜಿನ ಇಬ್ಬರು ಪಾಲುದಾರರಲ್ಲಿ ಒಬ್ಬರು. ಉತ್ತರ ಹೇಳಿದವರು ಇನ್ನೊಬ್ಬರು, ನನ್ನ ಕಾಕಾ, ತಂದೆಯ ತಮ್ಮ. ಕೇಳಿದವರನ್ನು ಓಣಿಯವರೆಲ್ಲ ಉಸ್ತಾದ್ ಎನ್ನುತ್ತಿದ್ದರು. ನಾನು ಅರ್ಧ ಚಡ್ಡಿಯ ಕಾಲದಿಂದ ಚಾಚಾ ಎಂದೇ ಕರೆದವನು. ಇಬ್ಬರಿಗೂ ಅರವತ್ತು ದಾಟಿತ್ತು. ಇಪ್ಪತ್ತೊಂಬತ್ತು ವರ್ಷ ಒಂದೇ ಶಟರಿನ ಕೆಳಗೆ ಕೆಲಸ ಮಾಡಿದ್ದರು.

ಆ ಗ್ಯಾರೇಜಿಗೆ ಒಂದು ಕಟ್ಟಳೆ ಇತ್ತು. ಒಳಗೆ ಹೋದರೆ ಎಡಕ್ಕೆ ಕಾಕಾನ ಕಟ್ಟೆ, ಬಲಕ್ಕೆ ಉಸ್ತಾದರದು. ಕಾರ್ಬ್ಯುರೇಟರು, ಏರ್ ಫಿಲ್ಟರು, ಚೋಕು, ಇಂಜಿನ್ ತಾನೇ ಎಳೆದುಕೊಳ್ಳುವ ಗಾಳಿಗೆ ಸಂಬಂಧಿಸಿದ್ದೆಲ್ಲ ಎಡದ ಕಟ್ಟೆಗೆ. ಟರ್ಬೊ, ಡೀಸೆಲ್ ಪಂಪು, ಇಂಜೆಕ್ಟರು, ಒತ್ತಡದಿಂದ ನಡೆಯುವುದೆಲ್ಲ ಬಲದ ಕಟ್ಟೆಗೆ. ಒಬ್ಬರ ಬದಿಯ ಕೆಲಸಕ್ಕೆ ಇನ್ನೊಬ್ಬರು ನಟ್ಟು ತಿರುಗಿಸುವ ಪಾನಾ ಹಚ್ಚುವಂತಿರಲಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಮುರಿದದ್ದು ನನಗೆ ಗೊತ್ತಿಲ್ಲ. ಉಸ್ತಾದರು ಮೆಕ್ಕಾ ಯಾತ್ರೆಗೆ ಹೋದಾಗ ಒಂದು ಲಾರಿಯ ಟರ್ಬೊ ನಲವತ್ತು ದಿನ ಬಲದ ಕಟ್ಟೆಯ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಲಾರಿಯ ಮಾಲೀಕ ದಿನವೂ ಬಂದು ಕೂಗಾಡುತ್ತಿದ್ದ. ಕಾಕಾ ಅವನಿಗೆ ಚಹಾ ಕುಡಿಸಿ ಕಳಿಸುತ್ತಿದ್ದರೇ ಹೊರತು ಆ ಬಟ್ಟೆ ತೆಗೆಯಲಿಲ್ಲ. ಮುಂದೆ ಕಾಕಾ ಕೈ ಮುರಿದುಕೊಂಡಾಗ ಕಾರ್ಬ್ಯುರೇಟರುಗಳು ಮನೆಯಿಂದ ತಂದ ಒಂದು ಮೊರದ ತುಂಬ ಕಾದಿದ್ದವು.

ಮಾತಿಗೆ ಮಾತ್ರ ಅಂಥ ಕಟ್ಟಳೆ ಇರಲಿಲ್ಲ. ಉಸ್ತಾದರು ಕಾಕಾನನ್ನು ಗಾಳಿ ಸಾವ್ಕಾರ ಎಂದು ಕರೆಯುತ್ತಿದ್ದರು. ಟರ್ಬೊ ತಡವಾಗಿ ಎಚ್ಚರಾಗುತ್ತದೆ ಎಂಬುದು ಕಾಕಾನ ನಿತ್ಯದ ಕುಚೋದ್ಯ. ನಿನ್ನ ಟರ್ಬೊ ಶೀಟಿ ಹೊಡೆಯುವುದರೊಳಗೆ ನನ್ನ ಗಾಡಿ ಧಾರವಾಡ ಮುಟ್ಟಿ ಫೇಡೆ ತಿಂದು ಕೈ ತೊಳೆದಿರುತ್ತದೆ ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಇಬ್ಬರೂ ಸೇರಿ ಒಂದು ಕಾರು ಕೊಂಡರು. ದೇಶಪಾಂಡೆ ನಗರದ ಒಂದು ಬಂಗಲೆಯ ಹಿಂದೆ ಹೊದಿಕೆಯ ಕೆಳಗೆ ವರ್ಷಗಟ್ಟಲೆ ನಿಂತಿದ್ದ ಹಳೆಯ ಪೆಟ್ರೋಲ್ ಕಾರು ಅದು. ಗಿರಾಕಿಗಾಗಿ ಅಲ್ಲ, ತಮಗಾಗಿಯೇ. ನೇರ ರಸ್ತೆಯಲ್ಲಿ ಎರಡೆರಡು ಕಾರು ಬಿಟ್ಟು ನೋಡುವ ಒಂದು ಹವ್ಯಾಸಿ ಓಟ ಊರ ಹೊರಗೆ ಡಿಸೆಂಬರಿನಲ್ಲಿ ನಡೆಯುವುದಿತ್ತು. ಅದಕ್ಕೆ ಇಳಿಸಬೇಕೆಂದು ಪ್ರತಿ ಭಾನುವಾರ ಶಟರು ಅರ್ಧ ಇಳಿಸಿ ಕೆಲಸ ಮಾಡುತ್ತಿದ್ದರು. ಕಾಕಾ ಗಾಳಿಯ ಬದಿ ನೋಡಿಕೊಂಡರು. ಈ ಇಂಜಿನ್ನಿಗೆ ಟರ್ಬೊ ಇರಲಿಲ್ಲ, ಹಾಗಾಗಿ ಉಸ್ತಾದರಿಗೆ ಪೆಟ್ರೋಲ್ ಪಂಪು ಬಿಟ್ಟರೆ ಹೆಚ್ಚು ಕೆಲಸ ಇರಲಿಲ್ಲ. ಅವರು ಕೂತು ಹಾಸ್ಯ ಮಾಡುತ್ತಿದ್ದರು. ಅವರಿಗೂ ಕೆಲಸವಿರಲಿ ಎಂದೇ ಕಾಕಾ ನೈಟ್ರಸ್ ತರಿಸುವ ಮಾತೆತ್ತಿದರು ಎಂದು ಈಗ ನನಗೆ ಅನಿಸುತ್ತದೆ. ಇದಕ್ಕೆ ನನ್ನಲ್ಲಿ ಆಧಾರವಿಲ್ಲ.

ಬಾಟಲಿ ಪುಣೆಯಿಂದ ಬಂತು. ಬಂದ ದಿನವೇ ಉಸ್ತಾದರು ಅದನ್ನು ತೂಗಿ, ತೂಕವನ್ನು ಬಿಳಿ ಬಣ್ಣದಲ್ಲಿ ಬಾಟಲಿಯ ಮೈಮೇಲೆ ಬರೆದರು. ಅಡುಗೆ ಗ್ಯಾಸಿನ ಸಿಲಿಂಡರಿನಂತೆ ಇದರೊಳಗೂ ಅನಿಲ ದ್ರವವಾಗಿ ಇರುತ್ತದೆ. ಒತ್ತಡದ ಮುಳ್ಳು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ತೂಗಿಯೇ ತಿಳಿಯಬೇಕು. ಬರೆದು ಮುಗಿಸಿ ಬಾಟಲಿಯನ್ನು ತಮ್ಮ ಕಟ್ಟೆಯ ಕಡೆಗೆ ಎಳೆದುಕೊಂಡರು. ಕಾಕಾ ಕಾಲು ಅಡ್ಡ ಇಟ್ಟರು. ತೂಗಿದ್ದಕ್ಕೆ ಅದು ನಿನ್ನದಾಯಿತೇನು ಎಂದು ಕೇಳಿದರು. ಆರಂಭವಾದದ್ದು ನಗೆಯಲ್ಲಿಯೇ.

ಉಸ್ತಾದರ ವಾದ ಸರಳ. ಬಾಟಲಿಯೊಳಗೆ ಒತ್ತಡವಿದೆ. ಇಂಜಿನ್ ಎಳೆದುಕೊಳ್ಳಲಿ ಬಿಡಲಿ, ವಾಲ್ವು ತೆರೆದರೆ ಅನಿಲ ತಾನೇ ನುಗ್ಗುತ್ತದೆ. ನುಗ್ಗುವುದೆಂದರೆ ಒತ್ತುವುದು. ಒತ್ತುವುದು ಬಲದ ಕಟ್ಟೆ.

ಕಾಕಾನ ವಾದ ಸ್ವಲ್ಪ ಉದ್ದ. ಒತ್ತಡ ಇರುವುದು ಬಾಟಲಿಯಲ್ಲಿ, ಇಂಜಿನ್ನಿನ ಗಾಳಿಕೊಳವೆಯಲ್ಲಿ ಅಲ್ಲ. ಅಲ್ಲೊಂದು ಮೀಟರು ಇಟ್ಟು ನೋಡಿದರೆ ಟರ್ಬೊ ಇದ್ದಾಗ ಮುಳ್ಳು ಏರುತ್ತದೆ, ನೈಟ್ರಸ್ಸಿಗೆ ಹಾಗೆ ಏರುವುದಿಲ್ಲ. ಟರ್ಬೊ ತುಂಬುವುದು ಗಾಳಿಯನ್ನು. ನೈಟ್ರಸ್ ಗಾಳಿಯನ್ನು ತುಂಬುವುದಿಲ್ಲ. ಅದು ಸಿಲಿಂಡರಿನ ಬಿಸಿಗೆ ಒಡೆದು ಆಮ್ಲಜನಕ ಬಿಡುತ್ತದೆ, ಅದರಿಂದ ಹೆಚ್ಚು ಪೆಟ್ರೋಲು ಉರಿಯುತ್ತದೆ. ಚಿಮುಕಿದಾಗ ತಣ್ಣಗೂ ಮಾಡುತ್ತದೆ. ತಣ್ಣಗಿನ ಗಾಳಿ ಗಟ್ಟಿಯಾಗಿ ಇಂಜಿನ್ ತಾನೇ ಹೆಚ್ಚು ಎಳೆದುಕೊಳ್ಳುತ್ತದೆ. ಒತ್ತುವವರು ಯಾರೂ ಇಲ್ಲ.

ಇದನ್ನು ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಟ್ಟುಕೊಂಡೇ ವಾದಿಸಿದ್ದನ್ನು ನಾನು ಕೇಳಿದ್ದೇನೆ. ಕಾಕಾ ರೊಟ್ಟಿ ಎತ್ತಿ ತೋರಿಸಿದರು.

"ಟರ್ಬೊ ಅಂದ್ರ ಒತ್ತಿ ಒತ್ತಿ ನಾಕ ರೊಟ್ಟಿ ತಿನಸೂದು. ಇದು ಹಂಗಲ್ಲ. ಎರಡ ರೊಟ್ಟೀನ, ಬೆಣ್ಣಿ ಹೆಚ್ಚ."

"ಹೊಟ್ಟೀನ ಕೇಳ್ರಿ ಗಾಳಿ ಸಾವ್ಕಾರ್ರ," ಎಂದರು ಉಸ್ತಾದರು. "ಪಿಸ್ಟನ್ನಿಗೆ ಏನ ಗೊತ್ತು, ರೊಟ್ಟಿ ಆತೋ ಬೆಣ್ಣಿ ಆತೋ? ಒದಿ ಬೀಳೂದು ಅಷ್ಟ ಜೋರ ಬೀಳತೈತಿ."

ಬಾಟಲಿ ಮೂರು ವಾರ ಎರಡು ಕಟ್ಟೆಗಳ ನಡುವೆ ನೆಲದ ಮೇಲೆ ನಿಂತಿತು. ಅದು ಯಾರ ಕೆಲಸ ಎಂದು ತೀರ್ಮಾನವಾಗದೆ ಇಬ್ಬರೂ ಮುಟ್ಟುವಂತಿರಲಿಲ್ಲ. ಬರಬರುತ್ತ ಹಾಸ್ಯ ಕಡಿಮೆಯಾಯಿತು. ಇಂಜಿನ್ನಿನ ಬದಿಗಳು ಎರಡೇ ಎಂದುಕೊಂಡು ಇಪ್ಪತ್ತೊಂಬತ್ತು ವರ್ಷ ಬದುಕಿದವರ ನಡುವೆ ಯಾವ ಬದಿಗೂ ಸೇರದ ಒಂದು ವಸ್ತು ಬಂದು ನಿಂತಿತ್ತು. ಒಂದು ದಿನ ಉಸ್ತಾದರು ನನ್ನ ಎದುರಿಗೇ ಕಾಕಾನಿಗೆ ಹೇಳಿದರು: ಹೇಗೂ ವಾರವಾರ ನೀವು ಹೇಳಿದ್ದು ಪೇಪರಿನಲ್ಲಿ ಬರುತ್ತದಲ್ಲ, ಇದನ್ನೂ ಹಾಕಿಸಿರಿ, ಊರು ಓದಲಿ.

ಅವರು ಹೇಳಿದ್ದು ನಿಜ. ಆ ಅಂಕಣದ ತಜ್ಞ ಕಾಕಾನೇ. ಓದುಗರ ಪ್ರಶ್ನೆಗಳನ್ನು ಮಂಗಳವಾರ ನಾನು ಅವರ ಮುಂದೆ ಓದುತ್ತಿದ್ದೆ, ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನಮ್ಮ ಊರಲ್ಲಿ ಬಾಯಿಮಾತು ಬೇರೆ, ಅಚ್ಚಾದದ್ದು ಬೇರೆ. ಅಚ್ಚಾದ ಮಾತಿಗೆ ಆಡಿದವನು ಬದ್ಧ.

ಆ ಮಂಗಳವಾರ ಕಾಕಾ ಮನೆಯಲ್ಲಿದ್ದರು. ನಾಲ್ಕು ದಿನದ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದರು. ಎಡಗಣ್ಣಿನದು ಇನ್ನೂ ಇತ್ತು. ಕರಿ ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಒಂದು ತಿಂಗಳು ಓದುವಂತಿಲ್ಲ, ಟಿವಿ ನೋಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚಿನ ಪಥ್ಯವನ್ನು ಕಾಕಾನ ಹೆಂಡತಿ, ನನ್ನ ಕಾಕು, ವಿಧಿಸಿದ್ದರು. ಪ್ರಶ್ನೆ ಓದಿದೆ. ಅವರು ನಗಲಿಲ್ಲ. ಮುಳ್ಳು, ಒತ್ತಡ, ಆಮ್ಲಜನಕ, ಎಲ್ಲವನ್ನೂ ಗಿರಾಕಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಆದ್ದರಿಂದ ನೈಟ್ರಸ್ ಫೋರ್ಸ್ಡ್ ಇಂಡಕ್ಷನ್ ಅಲ್ಲ, ಅದು ಗಾಳಿಯ ಬದಿಯದೇ ಎಂದು ಮುಗಿಸಿದರು. ನಾನು ಪೆನ್ನು ಎತ್ತಿದಾಗ ಇನ್ನೂ ಇದೆ ಎಂದು ಕೈ ಮಾಡಿದರು. ಆಮೇಲೆ ಹೇಳಿದ್ದನ್ನು ಬರಹದ ಭಾಷೆಗೆ ತಿರುಗಿಸಿ ನಾನು ಹೀಗೆ ಬರೆದೆ:

"ಆದರೆ ನೈಟ್ರಸ್ ಕೊಡುವ ಇಂಜಿನ್ನನ್ನು ಟರ್ಬೊ ಇಂಜಿನ್ನಿನಂತೆಯೇ ಸಿದ್ಧಪಡಿಸಬೇಕು. ಪಿಸ್ಟನ್ನಿನ ಮೇಲೆ ಬೀಳುವ ಹೊಡೆತ ಎರಡರಲ್ಲೂ ಒಂದೇ ಎಂದು ನನ್ನ ಪಾಲುದಾರ ಹೇಳುವುದು ಸರಿ. ಗಾಳಿಯ ಕೆಲಸ ಬಲ್ಲವನ ಕೈ ಇದಕ್ಕೆ ಸಾಲದು, ಒತ್ತಡ ಬಲ್ಲ ಕೈಯೇ ಬೇಕು. ನಮ್ಮ ಗ್ಯಾರೇಜಿನಲ್ಲಿ ಆ ಕೈ ನನ್ನದಲ್ಲ, ಅವನದು. ಬಾಟಲಿ ಅವನಿಗೆ ಬಿಟ್ಟದ್ದು."

ಬರೆದದ್ದನ್ನು ಓದಿ ಹೇಳಿದೆ. ಈ ಮಾತನ್ನು ಮೊದಲಿಗೇ ಹಾಕಲೇ ಎಂದು ಕೇಳಿದೆ. ಬೇಡವೆಂದರು.

"ಕಡೀಕ ಇರ್ಲಿ. ನಟ್ಟಿಗೆ ಕಡೀ ತಿರುವ ನೋಡಪಾ. ಅದು ಬಿಗಿ ಕುಂತ್ರ ಮುಗೀತು."

ನಮ್ಮ ಕೆಲಸದಲ್ಲಿ ಇದು ತಿರುಗುಮುರುಗು. ಸುದ್ದಿಮನೆಗೆ ಕಾಲಿಟ್ಟ ಮೊದಲ ವಾರ ಕಲಿಸುವ ಪಾಠವೆಂದರೆ ಮುಖ್ಯವಾದದ್ದು ಮೇಲೆ, ಕಡಿಮೆ ಮುಖ್ಯವಾದದ್ದು ಕೆಳಗೆ. ಜಾಗ ಸಾಲದಿದ್ದರೆ ಓದಿ ಯೋಚಿಸುತ್ತ ಕೂರಬೇಕಿಲ್ಲ, ಕೆಳಗಿನಿಂದ ತೆಗೆಯಬೇಕು. ಇಪ್ಪತ್ತೆರಡು ವರ್ಷ ನಾನು ತೆಗೆದದ್ದು ಹಾಗೆಯೇ. ಬುಧವಾರ ಸಂಜೆ ಆರನೇ ಪುಟ ಮುಗಿಯುತ್ತಿದ್ದಾಗ ದುರ್ಗದಬೈಲಿನ ಒಂದು ಸೀರೆ ಅಂಗಡಿಯ ಆಷಾಢ ರಿಯಾಯಿತಿಯ ಜಾಹೀರಾತು ಮೊದಲು ಹೇಳಿದ್ದಕ್ಕಿಂತ ಎರಡು ಸೆಂಟಿಮೀಟರು ಎತ್ತರವಾಗಿ ಬಂತು. ಪ್ರಶ್ನೋತ್ತರದಿಂದ ಐದು ಸಾಲು ಹೋಗಬೇಕಾಯಿತು. ಕೆಳಗಿನ ಐದು ಸಾಲು ಆರಿಸಿ ಅಳಿಸಿದೆ. ಅದು ಏನೆಂದು ನನಗೆ ಗೊತ್ತಿತ್ತು. ಇಬ್ಬರ ನಡುವಿನ ಮಾತು, ಕಾಕಾ ಹೇಗೂ ಬಾಯಲ್ಲಿ ಹೇಳುತ್ತಾರೆ, ಓದುಗರಿಗೆ ಬೇಕಾದ್ದು ಮೇಲೆ ಇದೆ ಎಂದುಕೊಂಡೆ. ಒಂದು ನಿಮಿಷವೂ ಹಿಡಿಯಲಿಲ್ಲ. ಕಾಕಾನಿಗೆ ಹೇಳಲಿಲ್ಲ. ಐದು ಸಾಲು ತೆಗೆದದ್ದನ್ನು ಯಾರೂ ಯಾರಿಗೂ ಹೇಳುವುದಿಲ್ಲ.

ಗುರುವಾರ ಬೆಳಿಗ್ಗೆ ಕಾಕಾ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು, ಕಾಕು ಬೇಡವೆಂದರೂ ಕೇಳದೆ, ಆಟೊದಲ್ಲಿ ಗ್ಯಾರೇಜಿಗೆ ಹೋದರು. ಒಂದು ಗಂಟೆಯೊಳಗೆ ಹಿಂತಿರುಗಿ ಕಣ್ಣಿಗೆ ಔಷಧ ಹಾಕಿಸಿಕೊಂಡು ಮಲಗಿದರು. ಬಹಳ ಸಮಾಧಾನದಲ್ಲಿದ್ದರು ಎಂದು ಕಾಕು ಆಮೇಲೆ ಹೇಳಿದ್ದಾರೆ. ಅಲ್ಲಿ ಅವರು ಉಸ್ತಾದರಿಗೆ ಏನು ಹೇಳಿದರೆಂಬುದು ನನಗೆ ಗೊತ್ತಾದದ್ದು ಒಂಬತ್ತು ತಿಂಗಳ ನಂತರ.

ಶನಿವಾರ ಉಸ್ತಾದರು ತಮ್ಮ ಪಾನಾ ಪೆಟ್ಟಿಗೆ ಎತ್ತಿಕೊಂಡು ಹೋದರು. ಜಗಳವಾಗಲಿಲ್ಲ. ಬಲದ ಕಟ್ಟೆಯ ಮೇಲಿದ್ದ ಎರಡು ಪಂಪುಗಳ ಕೆಲಸ ಮುಗಿಸಿ, ಗಿರಾಕಿಗಳಿಗೆ ಫೋನು ಮಾಡಿ ಕೊಟ್ಟು, ಕಟ್ಟೆ ಒರೆಸಿ ಹೋದರು. ಗಬ್ಬೂರ ಬೈಪಾಸಿನಲ್ಲಿ ಲಾರಿಗಳ ಪಂಪು ನೋಡುವ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಸ್ವಂತ ಗ್ಯಾರೇಜಿನ ಪಾಲುದಾರ ಅರವತ್ತಮೂರನೇ ವಯಸ್ಸಿನಲ್ಲಿ ಇನ್ನೊಬ್ಬರ ಅಂಗಡಿಯ ಕೆಲಸಗಾರರಾದರು.

ಎರಡು ವಾರ ಬಿಟ್ಟು ನಾನು ಕಾಕಾನನ್ನು ಕೇಳಿದೆ. ಅವರು ಎಡದ ಕಟ್ಟೆಯಲ್ಲಿ ಒಬ್ಬರೇ ಕೂತಿದ್ದರು. ಕನ್ನಡಕ ತೆಗೆದು ಒರೆಸುತ್ತ ಹೇಳಿದರು:

"ನಾ ಹೇಳೂದೆಲ್ಲಾ ಛಾಪಿಸಿ ಹೇಳೇನಿ. ಊರ ಮುಂದ ಹೇಳೇನಿ. ಅದರ ಮ್ಯಾಲೂ ಅಂವಗ ಒಲ್ಲೆ ಅಂದ್ರ, ನಾ ಇನ್ನ ಹೋಗಿ ಕಾಲ ಹಿಡೀಬೇಕೇನ?"

ಆಗ ಹೇಳಬಹುದಿತ್ತು, ಎಲ್ಲವೂ ಅಚ್ಚಾಗಿಲ್ಲ ಎಂದು. ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ನನಗೆ ನೆನಪಾಗಲೇ ಇಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಸುದ್ದಿಗಳನ್ನು ಬಾಲದಿಂದ ಕತ್ತರಿಸುವವನಿಗೆ ಯಾವುದರದು ಎಷ್ಟು ಹೋಯಿತು ಎಂಬುದು ಮರುದಿನವೇ ಉಳಿದಿರುವುದಿಲ್ಲ. ನೈಟ್ರಸ್ ಫೋರ್ಸ್ಡ್ ಇಂಡಕ್ಷನ್ ಅಲ್ಲವೆಂದು ಊರ ಮುಂದೆ ಹೇಳಿದ್ದು ಚಾಚಾನ ಮನಸ್ಸಿಗೆ ಚುಚ್ಚಿರಬೇಕು, ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡು ಎದ್ದು ಬಂದೆ. ಕಾಕಾ ಆ ಪುಟವನ್ನು ಮುಂದೆಯೂ ಓದಲಿಲ್ಲ. ಮನೆಯ ಪ್ರತಿಯನ್ನು ಅವರು ಉಸ್ತಾದರಿಗೇ ಕೊಟ್ಟು ಬಂದಿದ್ದರು. ತಾನು ಹೇಳಿದ್ದನ್ನು ತಾನೇ ಓದುವ ಅಭ್ಯಾಸವೂ ಅವರಿಗೆ ಇರಲಿಲ್ಲ.

ದಸರೆಯ ಹೊತ್ತಿಗೆ ಉಸ್ತಾದರು ದುರ್ಗದಬೈಲಿನಲ್ಲಿ ಸಿಕ್ಕರು. ಮೊಮ್ಮಗಳಿಗೆ ಬಳೆ ಕೊಳ್ಳುತ್ತಿದ್ದರು. ನನ್ನ ಮನೆಯವರ ಆರೋಗ್ಯ ಕೇಳಿದರು, ಕಾಕಾನ ಕಣ್ಣು ಹೇಗಿದೆ ಎಂದೂ ಕೇಳಿದರು. ಒಮ್ಮೆ ಗ್ಯಾರೇಜಿನ ಕಡೆ ಬನ್ನಿ ಎಂದೆ. ಪೇಪರಿನಲ್ಲಿ ಬಂದಮೇಲೆ ಮುಗಿಯಿತಲ್ಲ ಬೇಟಾ ಎಂದು ಬಳೆಗಳ ಕಡೆ ತಿರುಗಿದರು.

ಕಾಕಾ ಆ ಚಳಿಗಾಲದಲ್ಲಿ ಟರ್ಬೊ ಕೆಲಸ ಬಂದರೆ ಒಲ್ಲೆ ಎನ್ನುತ್ತಿದ್ದರು. ಹತ್ತಿರದ ಬೇರೆ ಗ್ಯಾರೇಜನ್ನು ತೋರಿಸುತ್ತಿರಲಿಲ್ಲ, ಗಬ್ಬೂರ ಬೈಪಾಸಿನ ಅಂಗಡಿಗೆ ಕಳಿಸುತ್ತಿದ್ದರು. ಯಾರು ಕಳಿಸಿದರೆಂದು ಹೇಳಬೇಡಿ ಎನ್ನುತ್ತಿದ್ದರಂತೆ. ಬಲದ ಕಟ್ಟೆಯನ್ನು ಬೆಳಿಗ್ಗೆ ತಾವೇ ಒರೆಸುತ್ತಿದ್ದರು. ಅದರ ಮೇಲೆ ಏನನ್ನೂ ಇಡುತ್ತಿರಲಿಲ್ಲ, ಚಹಾದ ಲೋಟವನ್ನೂ. ಡಿಸೆಂಬರಿನಲ್ಲಿ ಓಟ ನಡೆಯಿತು. ಆ ಭಾನುವಾರ ಕಾರು ಗ್ಯಾರೇಜಿನಲ್ಲಿರಲಿಲ್ಲ, ಸಂಜೆ ಮರಳಿ ಬಂದಿತ್ತು. ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಕೇಳಲಿಲ್ಲ. ಗಾಳಿ ಸಾವ್ಕಾರ ತಾನೇ ಬಾಟಲಿ ಕೂಡಿಸಿಕೊಂಡು ಓಡಿಸಿದನಂತೆ ಎಂಬ ಮಾತು ಗ್ಯಾರೇಜಿನವರಲ್ಲಿ ಹಬ್ಬಿತು. ಅದು ಬೈಪಾಸಿನವರೆಗೂ ಹೋಗಿದೆ ಎಂದು ಕೇಳಿದ್ದೆ.

ಈ ವರ್ಷ ಶಿವರಾತ್ರಿ ಕಳೆದ ಎರಡನೇ ವಾರ ಕಾಕಾ ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕೂತವರು ಹಾಗೆಯೇ ಒರಗಿದರು. ಹೃದಯಾಘಾತ ಎಂದರು ಡಾಕ್ಟರು. ಉಸ್ತಾದರಿಗೆ ಸುದ್ದಿ ಮುಟ್ಟಿಸಿದವನು ನಾನೇ. ಅವರು ನೇರ ರುದ್ರಭೂಮಿಗೆ ಬಂದರು. ಕೈಯಲ್ಲಿ ಡೀಸೆಲ್ಲಿನ ಕಪ್ಪು ಇನ್ನೂ ಇತ್ತು. ನಮ್ಮವರು ಬಿಲ್ವಪತ್ರೆ ಹಾಕಿ ಸರಿದ ಮೇಲೆ ಅವರು ಮುಂದೆ ಬಂದು ತಮ್ಮ ಪದ್ಧತಿಯಂತೆ ಮೂರು ಹಿಡಿ ಮಣ್ಣು ಹಾಕಿದರು. ಹಾಗೆಯೇ ಬೈಪಾಸಿಗೆ ಮರಳಿದರು.

ಒಂದು ತಿಂಗಳ ನಂತರ, ಶುಕ್ರವಾರದ ನಮಾಜು ಮುಗಿಸಿ, ಅವರು ನಮ್ಮ ಕಚೇರಿಗೆ ಬಂದರು. ಅಲ್ಲಿಗೆ ಅವರು ಬಂದದ್ದು ಅದೇ ಮೊದಲು. ಸ್ವಾಗತದ ಕುರ್ಚಿಯ ತುದಿಗೆ ಕೂತರು. ಲೈಸನ್ಸಿನ ಪ್ಲಾಸ್ಟಿಕ್ ಕವರಿನೊಳಗಿಂದ ಮಡಿಸಿದ ಒಂದು ಪತ್ರಿಕೆಯ ತುಂಡು ತೆಗೆದು ತೊಡೆಯ ಮೇಲೆ ಬಿಡಿಸಿದರು.

"ಬೇಟಾ, ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ. ಅವತ್ತ ಬಂದು ಈ ಪೇಪರ ನನ್ನ ಕೈಯಾಗ ಇಟ್ಟಾ. ಕಡೀ ಸಾಲ ಓದು, ಬಾಟ್ಲಿ ಮಾತ ಅಲ್ಲೇ ಮುಗದೈತಿ, ಅಂದಾ. ಹ್ವಾದಾ. ನಾ ಕಡೀ ಸಾಲ ಓದಿದೆ."

ಬೆರಳಿಟ್ಟು ತೋರಿಸಿದರು. ಅಚ್ಚಾದ ಉತ್ತರದ ಕೊನೆಯ ಸಾಲು: ಆದ್ದರಿಂದ ನೈಟ್ರಸ್ ಫೋರ್ಸ್ಡ್ ಇಂಡಕ್ಷನ್ ಅಲ್ಲ, ಅದು ಗಾಳಿಯ ಬದಿಯದೇ.

"ಬಾಟ್ಲಿ ಬೇಕಂದಿದ್ರ ಕೊಡ್ತಿದ್ದಿಲ್ಲೇನ ನಾ? ನನಗ ನಿಂದಲ್ಲ ಅಂತ ಹೇಳಾಕ ಪೇಪರ ಯಾಕ ಬೇಕಿತ್ತಪಾ ಅಂವಗ?"

ನಾನು ತುಂಡನ್ನು ಕೈಗೆ ತೆಗೆದುಕೊಂಡೆ. ಅದರ ಕೆಳಗೆ ಸೀರೆಯ ಜಾಹೀರಾತಿನ ಅಂಚು ಎರಡು ಬೆರಳಿನಷ್ಟು ಉಳಿದಿತ್ತು. ಅಲ್ಲಿಯವರೆಗೆ ನೆನಪಾಗದ್ದು ಆಗ ನೆನಪಾಯಿತು. ಇದರ ಮುಂದೆ ಇನ್ನೂ ಐದು ಸಾಲು ಇದ್ದವು ಎಂದು ಹೇಳಿದೆ. ಅವರಿಗೆ ತಿಳಿಯಲಿಲ್ಲ. ಒಳಗೆ ಹೋಗಿ, ಅಂದು ನಾನು ಕಚೇರಿಗೆ ಕಳಿಸಿದ್ದ ಮೇಲ್ ಹುಡುಕಿದೆ. ಮೂವತ್ತೊಂದು ಸಾಲೂ ಇದ್ದವು. ಪ್ರಿಂಟು ತೆಗೆದು ತಂದು ಕೊಟ್ಟೆ. ನೀನೇ ಓದು ಎಂದರು. ಅವರ ಪಕ್ಕದಲ್ಲಿ ಕೂತು ಆ ಐದು ಸಾಲು ಓದಿದೆ. ಬಾಟಲಿ ಅವನಿಗೆ ಬಿಟ್ಟದ್ದು ಎಂಬಲ್ಲಿಗೆ ನಿಲ್ಲಿಸಿದೆ. ಇನ್ನೊಮ್ಮೆ ಓದು ಎಂದರು. ಓದಿದೆ.

"ಇದನ್ನ ಯಾರ ತಗದ್ರು?"

"ನಾನ ತಗದೆ, ಚಾಚಾ."

"ಯಾಕ?"

"ಜಾಗಾ ಸಾಲಲಿಲ್ಲ. ಜಾಹೀರಾತ ಬಂತು."

"ಯಾತರದು?"

"ಸೀರಿದು."

ಅವರು ತಲೆ ಆಡಿಸಿದರು, ಗಿರಾಕಿ ಇಂಜಿನ್ ಕೆಟ್ಟ ಕಾರಣ ಹೇಳಿದಾಗ ಆಡಿಸುವಂತೆ. ಪ್ರಿಂಟನ್ನು ತುಂಡಿನೊಂದಿಗೆ ಮಡಿಸಲು ನೋಡಿದರು. ಕವರಿನೊಳಗೆ ಎರಡೂ ಹಿಡಿಯಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡರು. ಡಿಸೆಂಬರಿನಲ್ಲಿ ಅವನು ಬಾಟಲಿ ಕೂಡಿಸಿ ಓಡಿಸಿದ್ದು ನಿಜವೇ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದು ನಿಜ.

ನಾನು ಸಂಪಾದಕರ ಬಳಿ ಹೋಗಿ ತಿದ್ದುಪಡಿ ಹಾಕಬೇಕೆಂದು ಕೇಳಿದೆ. ಅವರು ಪುಟ ತರಿಸಿ ಉತ್ತರವನ್ನು ಎರಡು ಸಲ ಓದಿದರು. ಅಚ್ಚಾದದ್ದರಲ್ಲಿ ತಪ್ಪೇನಿದೆ ಎಂದು ಕೇಳಿದರು. ತಪ್ಪಿಲ್ಲ ಎಂದೆ. ಇರಲೂ ಇಲ್ಲ. ನೈಟ್ರಸ್ ಫೋರ್ಸ್ಡ್ ಇಂಡಕ್ಷನ್ ಅಲ್ಲ ಎಂಬುದು ಸರಿಯಾದ ಉತ್ತರವೇ, ಇಂದಿಗೂ ಯಾರು ಕೇಳಿದರೂ ನಾನು ಅದನ್ನೇ ಬರೆಯುತ್ತೇನೆ. ತಿದ್ದುಪಡಿ ಬರುವುದು ತಪ್ಪಾಗಿ ಅಚ್ಚಾದದ್ದಕ್ಕೆ, ಅಚ್ಚಾಗದೆ ಉಳಿದದ್ದಕ್ಕೆ ಅಲ್ಲ ಎಂದು ಅವರು ಹೇಳಿದರು. ಅದು ನಮ್ಮ ನಿಯಮ. ಹೊಸದಾಗಿ ಬಂದವರಿಗೆ ನಾನೂ ಅದನ್ನೇ ಹೇಳಿಕೊಟ್ಟಿದ್ದೇನೆ.

ಗ್ಯಾರೇಜಿನ ಜಾಗವನ್ನು ಈ ತಿಂಗಳ ಕೊನೆಗೆ ಮಾಲೀಕರಿಗೆ ಬಿಟ್ಟುಕೊಡಬೇಕು. ಕಾಕು ಬೀಗದ ಕೈಯನ್ನು ನನ್ನ ಹತ್ತಿರ ಕೊಟ್ಟು, ತೆರೆಯುವಾಗ ಉಸ್ತಾದರನ್ನು ಕರೆ ಎಂದರು. ಅವರ ಪಾನಾ ಮುಟ್ಟಿದ ಕಟ್ಟೆಯನ್ನು ಅವರೇ ತೆರವು ಮಾಡಲಿ, ನಿಮ್ಮ ಕಾಕಾ ಇದ್ದಿದ್ದರೆ ಬೇರೆಯವರಿಗೆ ಬಿಡುತ್ತಿರಲಿಲ್ಲ ಎಂದರು.

ಕಳೆದ ಸೋಮವಾರ ಬೆಳಿಗ್ಗೆ ಶಟರು ಎತ್ತಿದೆವು. ಮೂರು ತಿಂಗಳ ಧೂಳು ಎರಡೂ ಕಟ್ಟೆಗಳ ಮೇಲೆ ಸಮನಾಗಿ ಕೂತಿತ್ತು. ಕಾರು ಹೊದಿಕೆಯ ಕೆಳಗೆ ಇತ್ತು. ಉಸ್ತಾದರು ಬಾನೆಟ್ ತೆರೆದು ತಮ್ಮ ಪಂಪಿನ ಬದಿಯನ್ನಷ್ಟೇ ನೋಡಿದರು, ಕಾಕಾನ ಬದಿಯ ಕಡೆ ಬಗ್ಗಲಿಲ್ಲ. ಆಮೇಲೆ ಡಿಕ್ಕಿ ತೆರೆದರು. ಬಾಟಲಿ ಎರಡು ಪಟ್ಟಿಗಳ ನಡುವೆ ಕೂತಿತ್ತು. ಅದರಿಂದ ಇಂಜಿನ್ನಿಗೆ ಹೋಗಬೇಕಾದ ಕೊಳವೆ ಸುರುಳಿಯಾಗಿ ಪಕ್ಕದಲ್ಲಿತ್ತು. ಕೂಡಿಸಿ ಮತ್ತೆ ಬಿಚ್ಚಿಟ್ಟಿರಲೂಬಹುದು ಎಂದು ಅವರೇ ಅಂದರು. ಪಟ್ಟಿ ಸಡಿಲಿಸಿ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ನಾನು ಹಿಡಿಯಹೋದರೆ ಬೇಡವೆಂದರು.

ಪಕ್ಕದ ಗುಜರಿ ಅಂಗಡಿಯ ತಕ್ಕಡಿಯ ಮೇಲೆ ಅದನ್ನು ಇಟ್ಟರು. ಅಂಗಡಿಯವನು ಅಂಕಿ ಓದಿದ. ಉಸ್ತಾದರು ಅಂಗಿಯ ತುದಿಯಿಂದ ಬಾಟಲಿಯ ಮೇಲಿನ ಧೂಳು ಒರೆಸಿ, ಪುಣೆಯಿಂದ ಬಂದ ದಿನ ತಾವೇ ಬರೆದ ಬಿಳಿ ಅಂಕಿಯನ್ನು ಓದಿದರು. ಎರಡೂ ಹನ್ನೊಂದು ಕಿಲೊ ಮುನ್ನೂರು ಗ್ರಾಂ.